ಚೈನಿನ ಈ ತುದಿಯಲ್ಲಿರುವವರಿಗೆ

ಬೆಳಿಗ್ಗೆ ಐದೂವರೆ, ಆರರ ಹೊತ್ತಿಗೆ ಯಲಹಂಕ ನ್ಯೂಟೌನ್, ಸಹಕಾರನಗರ, ಆರ್.ಟಿ. ನಗರ, ಸಂಜಯನಗರ, ಮತ್ತಿಕೆರೆ, ಯಶವಂತಪುರದ ಕ್ರಾಸುಗಳಲ್ಲಿ ಒಂದು ಕೈಯಲ್ಲಿ ಚೈನು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಹೊರಡುವ ಎಲ್ಲರಿಗೂ ಒಂದು ಮನವಿ. ನಾನೂ ನಿಮ್ಮ ಪೈಕಿಯವನೇ. ನಮ್ಮ ಮನೆಯಲ್ಲೂ ಒಂದು ನಾಯಿ ಇದೆ. ಹೆಸರು ಚುಕ್ಕಿ, ಜಾತಿ ಬೀದಿ, ವಯಸ್ಸು ಆರು. ನಾಯಿ ಕಂಡರಾಗದ ಯಾರೋ ಗೊಣಗುತ್ತಿದ್ದಾನೆ ಎಂದು ಈ ಮನವಿಯನ್ನು ಪಕ್ಕಕ್ಕಿಡಬೇಡಿ. ಇದು ತಪ್ಪು ಮಾಡಿ ಸಿಕ್ಕಿಬಿದ್ದವನ ಮಾತು.

ಸಿಕ್ಕಿಬಿದ್ದದ್ದು ಒಂದು ಧನುರ್ಮಾಸದ ಬೆಳಿಗ್ಗೆ. ನಮ್ಮ ರಸ್ತೆಯ ಕೊನೆಯ ಮನೆಯ ಅಜ್ಜಿ ಆ ತಿಂಗಳೆಲ್ಲ ನಸುಕಿಗೇ ಎದ್ದು, ಗೇಟಿನ ಮುಂದೆ ಗುಡಿಸಿ, ನೀರು ಹಾಕಿ, ಹದಿನೈದು ಚುಕ್ಕಿಯ ರಂಗೋಲಿ ಬಿಡುತ್ತಾರೆ. ಅವತ್ತು ನಮ್ಮ ಚುಕ್ಕಿ ಅದಕ್ಕೆ ಹದಿನಾರನೆಯದನ್ನು ಸೇರಿಸಿತು. ನಾನು ಮೊಬೈಲ್ ನೋಡುತ್ತಿದ್ದೆ.

"ಏನಪ್ಪಾ, ನಿಮ್ಮನೆ ಮುಂದೆ ಜಾಗ ಇರ್ಲಿಲ್ವಾ?" ಗೇಟಿನ ಒಳಗಿಂದ ಅಜ್ಜಿ ಕೇಳಿದರು.

ತಪ್ಪಾಯ್ತು ಅಜ್ಜಿ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು: "ರೋಡು ಎಲ್ರಿಗೂ ಸೇರಿದ್ದಲ್ವಾ ಅಜ್ಜಿ."

ಮಾರನೆಯ ದಿನ ಅವರ ಗೇಟಿನಲ್ಲಿ ನೀಲಿ ನೀರಿನ ಬಾಟಲಿ ನೇತಾಡುತ್ತಿತ್ತು.

ನೀಲಿ ಬಾಟಲಿ ಗೊತ್ತಿಲ್ಲದ ಬೆಂಗಳೂರಿಗರಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ, ಹಳೇ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಗೇಟಿಗೆ ಕಟ್ಟಿದರೆ ನಾಯಿ ಆ ಕಡೆ ಸುಳಿಯುವುದಿಲ್ಲವಂತೆ. ಕೆಲವರದ್ದು ಕೆಂಪು ನೀರು, ಕುಂಕುಮ ಕದಡಿದ್ದು. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಮಾತ್ರ ಮಂಕು. ಹಾಗಾಗಿ ಕೆಂಪು ಬಾಟಲಿಗೆ ಸುರಿದ ಕುಂಕುಮ ದಂಡ. ನೀಲಿ ಕಾಣುತ್ತದೆ ನಿಜ, ಆದರೆ ಕಂಡದ್ದಕ್ಕೆಲ್ಲ ಹೆದರಬೇಕೆಂದು ನಾಯಿಗೆ ಹೇಳಿಕೊಟ್ಟವರಾರು? ನೀಲಿ ಬಾಟಲಿಯ ಬುಡಕ್ಕೇ ಕಾಲೆತ್ತಿದ ಬೀದಿನಾಯಿಯನ್ನು ಕಣ್ಣಾರೆ ಕಂಡಿದ್ದೇನೆ. ಆ ಬಾಟಲಿಯ ಅರ್ಥ ಚುಕ್ಕಿಗೆ ಆಗಲಿಲ್ಲ. ನನಗೆ ಆಯಿತು. ಯುಗಾದಿಗೆ ಅಜ್ಜಿಯ ಮನೆಯಿಂದ ಬರುತ್ತಿದ್ದ ಒಬ್ಬಟ್ಟು ಆ ವರ್ಷ ಬರಲಿಲ್ಲ.

ಇಂಥ ಜಗಳ ಬೇರೆ ದೇಶಗಳಲ್ಲಿ ಲಾನ್ ಮೇಲೆ ನಡೆಯುತ್ತದೆ. ನಮ್ಮ ಕಡೆ ಲಾನ್ ಅನ್ನುವುದೇ ದೊಡ್ಡ ಮಾತು. ಮೂವತ್ತು ನಲವತ್ತರ ಸೈಟಿನಲ್ಲಿ ಗಾಳಿಗೇ ಜಾಗ ಬಿಡದವರು ಹುಲ್ಲಿಗೆ ಎಲ್ಲಿ ಬಿಟ್ಟಾರು! ಹೌಸಿಂಗ್ ಬೋರ್ಡಿನ ಯಲಹಂಕ ನ್ಯೂಟೌನಿನ ಹಳೇ ಮನೆಗಳಲ್ಲೋ, ಡಾಲರ್ಸ್ ಕಾಲೊನಿಯಲ್ಲೋ ಕಾಂಪೌಂಡಿನೊಳಗೆ ಒಂದಿಷ್ಟು ಹಸಿರು ಕಂಡೀತು. ಉಳಿದವರದ್ದೆಲ್ಲ ಕಾಂಪೌಂಡಿನ ಹೊರಗೆ, ಗೋಡೆಗೂ ಮೋರಿಯ ಚಪ್ಪಡಿಗೂ ನಡುವಿನ ಎರಡು ಅಡಿ ಪಟ್ಟಿ. ಅಲ್ಲೇ ದಾಸವಾಳ, ನಂದಿಬಟ್ಟಲು, ಒಂದು ಕರಿಬೇವು, ಚದರಡಿ ಲೆಕ್ಕದಲ್ಲಿ ನರ್ಸರಿಯಿಂದ ತಂದು ಹಾಸಿದ ಹುಲ್ಲು, ಅದರ ಸಂದಿಯಲ್ಲಿ ತಾನಾಗಿ ಎದ್ದ ಗರಿಕೆ. ಗಣೇಶನ ಹಬ್ಬದ ದಿನ ಇಪ್ಪತ್ತೊಂದು ಗರಿಕೆ ಕೀಳುವುದೂ ಅಲ್ಲಿಂದಲೇ. ಈ ಪಟ್ಟಿಗೆ ಶತ್ರುಗಳು ಎರಡು ಬಗೆ. ಕೆಳಗಿನಿಂದ ನಮ್ಮ ನಾಯಿಗಳು. ಮೇಲಿನಿಂದ, ಪ್ಲಾಸ್ಟಿಕ್ ಕವರೂ ಕೊಕ್ಕೆ ಕೋಲೂ ಹಿಡಿದು ವಾಕಿಂಗ್ ಬರುವ ಹೂಗಳ್ಳರು. ಹೂಗಳ್ಳರಿಗೆ ಬೇರೆಯೇ ಒಂದು ಮನವಿ ಬರೆಯಬೇಕಾಗುತ್ತದೆ, ಇಲ್ಲಿ ಜಾಗ ಸಾಲದು.

ಕಾಗದಪತ್ರ ನೋಡಿದರೆ ಗೋಡೆಯಾಚೆಯದು ರಸ್ತೆಯ ಜಾಗವೇ, ಮನೆಯವರದಲ್ಲ. ಆ ಮಟ್ಟಿಗೆ ನನ್ನ ವಾದ ಸರಿ. ಆದರೆ ಎಲ್ಲರಿಗೂ ಸೇರಿದ್ದು ಎಂದ ಮೇಲೆ ಅಜ್ಜಿಗೂ ಸೇರಿದ್ದೇ ತಾನೇ? ಅವರು ಅಲ್ಲಿ ರಂಗೋಲಿ ಬಿಟ್ಟರು, ನಾನು ಬಿಟ್ಟದ್ದು ಇನ್ನೊಂದು. ಆ ಜಾಗವನ್ನು ದಿನಾ ಗುಡಿಸಿ ನೀರು ಹಾಕುವವರ ಮುಂದೆ ಸೈಟಿನ ಅಳತೆ ಮಾತಾಡುವುದು ಭಂಡತನ. ಇಷ್ಟು ಅರ್ಥವಾಗಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಹಾಗಾಗಿ ಮನವಿ ಚಿಕ್ಕದು: ಎತ್ತಿ. ನಿಮ್ಮ ನಾಯಿ ಮಾಡಿದ್ದನ್ನು ನೀವೇ, ಅಲ್ಲೇ, ಆಗಲೇ ಎತ್ತಿ.

ಇಷ್ಟು ಹೇಳಿದ ಕೂಡಲೇ ಬರುವ ಉತ್ತರಗಳು ನನಗೆ ಬಾಯಿಪಾಠ. ನಾನೇ ಕೊಟ್ಟವಲ್ಲವೇ! ಮೊದಲನೆಯದು, "ನಮ್ ನಾಯಿದಲ್ಲ ಸಾರ್, ಬೀದಿನಾಯಿದು." ಅರ್ಧ ನಿಜ. 2023ರ ಬಿಬಿಎಂಪಿ ಸಮೀಕ್ಷೆಯ ಪ್ರಕಾರ ನಗರದಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿ ಈ ಸಂಖ್ಯೆ ಸುಮಾರು 3.1 ಲಕ್ಷ. ಅವೂ ಗಲೀಜು ಮಾಡುತ್ತವೆ, ಅವಕ್ಕೆ ಚೈನಿಲ್ಲ, ಚೈನು ಹಿಡಿಯುವವರೂ ಇಲ್ಲ, ಈ ಪತ್ರ ಬರೆಯೋಣವೆಂದರೆ ವಿಳಾಸವೂ ಇಲ್ಲ. ಸಾಕಿದವರಿಗೆ ವಿಳಾಸ ಇದೆ. ಬೀದಿನಾಯಿಯ ನೆರಳಲ್ಲಿ ನಮ್ಮ ಲ್ಯಾಬ್ರಡಾರನ್ನು ಅಡಗಿಸುವುದು ಬೇಡ, ಹಿಡಿಸುವುದೂ ಇಲ್ಲ.

ಎರಡನೆಯದು, "ಬಿಡಿ, ಗಿಡಕ್ಕೆ ಗೊಬ್ಬರ ಆಯ್ತು." ನಮ್ಮ ಮಗನೂ ಇದನ್ನೇ ತಿರುಗಿಸಿ ಕೇಳಿದ್ದ: ಅಜ್ಜಿ ಧನುರ್ಮಾಸದಲ್ಲಿ ಸೆಗಣಿಯ ಉಂಡೆ ಮಾಡಿ ಕುಂಬಳದ ಹೂ ಸಿಕ್ಕಿಸಿ ರಂಗೋಲಿಯ ನಡುವೆ ಇಡುತ್ತಾರಲ್ಲ, ಅದು ಮಾತ್ರ ಆಗುತ್ತಾ? ಆಗುತ್ತದೆ ಮಗನೇ. ಹಸು ತಿನ್ನುವುದು ಹುಲ್ಲು. ನಾಯಿ ತಿನ್ನುವುದು ಮಾಂಸ, ಮೊಟ್ಟೆ, ಪ್ಯಾಕೆಟ್ ಫುಡ್ಡು; ಅದರ ಹೊಟ್ಟೆಯ ಹುಳುಗಳಲ್ಲಿ ಕೆಲವು ಮನುಷ್ಯನ ಮೈಯನ್ನೂ ಹೊಗುತ್ತವೆ. ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಇರಬಲ್ಲದು. ಮಣ್ಣಾಡಿದ ಕೈ ಬಾಯಿಗೆ ಹೋಗುವ ಮಕ್ಕಳಿಗೇ ಅದರ ಭಯ ಹೆಚ್ಚು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಇದರಲ್ಲಿ ಒಂದು ಸಮಾಧಾನವೂ ಇದೆ. ದುಂಡುಹುಳುವಿನ ಮೊಟ್ಟೆ ಬಿದ್ದ ದಿನವೇ ಅಂಟುವುದಿಲ್ಲ, ಬಲಿಯಲು ಎರಡು ಮೂರು ವಾರ ಬೇಕು. ಅವತ್ತೇ ಎತ್ತಿದರೆ ಅಪಾಯ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬಿಸಿಲಿಗೆ ಒಣಗಿ, ಮಳೆಗೆ ಕರಗಿ, ಹುಲ್ಲಿನ ಬುಡಕ್ಕಿಳಿದು ಕಣ್ಣಿಗೆ ಕಾಣದಂತಾಗುತ್ತದಲ್ಲ, ಕೆಟ್ಟದ್ದು ಶುರುವಾಗುವುದು ಆಮೇಲೆಯೇ.

ಮನುಷ್ಯರ ಮಾತು ಬಿಡಿ, ನಾಯಿಗಳ ಮೇಲೇ ಪ್ರೀತಿ ಇರುವವರು ಪಾರ್ವೊ ರೋಗವನ್ನು ನೆನೆಸಿಕೊಳ್ಳಿ. ಮರಿಗೆ ವಾಂತಿ, ರಕ್ತಭೇದಿ ಹಿಡಿದು ನಾಲ್ಕೈದು ದಿನದಲ್ಲಿ ಕೈತಪ್ಪಿ ಹೋಗುವುದನ್ನು ನೋಡಿದವರಿಗೆ ಆ ಹೆಸರು ಕೇಳಿದರೇ ಸಂಕಟ. ಅದು ಹರಡುವುದು ಮುಖ್ಯವಾಗಿ ಮಲದಿಂದ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇವತ್ತು ಬಿಟ್ಟುಹೋದದ್ದನ್ನು ನಾಳೆ ಮೂಸುವುದು ಇನ್ನೂ ಲಸಿಕೆ ಪೂರ್ತಿಯಾಗದ ಯಾರದೋ ಮನೆಯ ಮರಿ. ಹೆಬ್ಬಾಳದಲ್ಲೇ 1958ರಿಂದ ಪಶುವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆ ಇದೆ. ಜಂತುಹುಳುವಿನ ಔಷಧಿಗೂ ಲಸಿಕೆಗೂ ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ.

ಮೂರನೆಯ ಉತ್ತರ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ನಡತೆಯಲ್ಲಿ ಕಾಣುತ್ತದೆ: ಗುಡಿಸುವವರು ಬರುತ್ತಾರಲ್ಲ. ನಾಯಿ ಮಾಡಿದ್ದಕ್ಕೆ ನಾವಿಟ್ಟ ಹೆಸರುಗಳನ್ನೇ ನೋಡಿ. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದು ‘ಪೂಪ್’. ಸಂಘದ ಸಭೆಯಲ್ಲಿ ‘ಗಲೀಜು’. ಮಕ್ಕಳಿರುವ ಮನೆಯಲ್ಲಿ ‘ಕಕ್ಕ’. ಅದನ್ನು ಹೇಲು ಎಂದು ನೆಟ್ಟಗೆ ಕರೆಯುವುದು ಬೆಳಿಗ್ಗೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಹೆಣ್ಣುಮಗಳು ಒಬ್ಬಳೇ, ಏಕೆಂದರೆ ಅದನ್ನು ಬಳಿಯಬೇಕಾದವಳು ಅವಳು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು, ಪೊರಕೆ ಹಿಡಿದ ಕೈ ಬದಲಾಗಲಿಲ್ಲ. 1980ರ ದಶಕದಲ್ಲಿ ಪ್ಯಾರಿಸ್ ನಗರ ಇದೇ ಕೆಲಸಕ್ಕೆಂದು ಹೀರುವ ಯಂತ್ರ ಕಟ್ಟಿದ ಮೋಟಾರ್‌ಸೈಕಲ್‌ಗಳನ್ನು ಬೀದಿಗೆ ಬಿಟ್ಟಿತ್ತು. ದುಡ್ಡು ಸುರಿದು ಸುಸ್ತಾಗಿ ಕೊನೆಗೆ ಕೈಬಿಟ್ಟಿತು. ನ್ಯೂಯಾರ್ಕ್ 1978ರ ಆಗಸ್ಟ್ 1ರಂದೇ ಇನ್ನೊಂದು ದಾರಿ ಹಿಡಿದಿತ್ತು: ನಾಯಿ ಯಾರದೋ ಎತ್ತುವುದೂ ಅವರದೇ ಎಂಬ ಕಾನೂನು. ನಮ್ಮದು ಇಲ್ಲಿಯವರೆಗೂ ಪ್ಯಾರಿಸ್ ಮಾದರಿಯೇ, ಮೋಟಾರ್‌ಸೈಕಲ್ ಒಂದು ಇಲ್ಲ ಅಷ್ಟೇ.

ಚೈನಿನ ಈ ತುದಿಯಲ್ಲಿ ಎಷ್ಟೋ ಸಲ ನಾವೇ ಇರುವುದಿಲ್ಲ, ನಮ್ಮ ಡ್ರೈವರ್ ಇರುತ್ತಾರೆ, ಮನೆಗೆಲಸದ ಹುಡುಗ ಇರುತ್ತಾನೆ. ಆ ಹುಡುಗನನ್ನು ನಿಲ್ಲಿಸಿ ಕೂಗಾಡಿದರೆ ಏನೂ ಬಗೆಹರಿಯುವುದಿಲ್ಲ. ಎತ್ತಲು ಅವನ ಕೈಗೆ ಪೇಪರ್ ಕೊಟ್ಟು ಕಳಿಸದವರನ್ನು ಕೇಳಬೇಕು. ಡಾಕ್ಟರ ಫೀಸು, ಗ್ರೂಮಿಂಗು, ಹುಟ್ಟುಹಬ್ಬದ ಕೇಕು ಎಂದೆಲ್ಲ ಖರ್ಚು ಮಾಡುವ ಮನೆ ಈ ಕೆಲಸಕ್ಕೂ ಅವನಿಗೆ ಕೂಲಿ ಸೇರಿಸಿ ಕೊಡಲಿ. ಆಗದಿದ್ದರೆ ತಾವೇ ಬರಲಿ.

ಮೂತ್ರದ ವಿಷಯಕ್ಕೂ ಒಂದು ಮಾತು. ಅದನ್ನು ಎತ್ತುವಂತಿಲ್ಲ, ಆದರೆ ತೊಳೆಯಬಹುದು. ಅದರಲ್ಲಿರುವ ಯೂರಿಯಾ, ಉಪ್ಪು ಒಂದೇ ಕಡೆ ಬಿದ್ದು ಹುಲ್ಲು ಸುಡುತ್ತದೆ. ನಡುವೆ ಹಳದಿ ಬಿಲ್ಲೆ, ಸುತ್ತ ಕಡುಹಸಿರು ಉಂಗುರ. ಕೂಡಲೇ ನೀರು ಸುರಿದರೆ ಹುಲ್ಲು ಉಳಿಯುತ್ತದೆ. ನಾನು ಅರ್ಧ ಲೀಟರ್ ಬಾಟಲಿ ಒಯ್ಯುತ್ತೇನೆ. ಅಜ್ಜಿಯ ಗೇಟಿನಲ್ಲಿ ನೇತಾಡುತ್ತಿತ್ತಲ್ಲ, ಅಂಥದ್ದೇ, ಬಣ್ಣ ಮಾತ್ರ ಇಲ್ಲ. ಗೇಟು, ಸ್ಕೂಟರಿನ ಚಕ್ರ, ಸೊಪ್ಪಿನವರು ಬುಟ್ಟಿ ಇಳಿಸುವ ಕಟ್ಟೆ, ಇವುಗಳ ಹತ್ತಿರ ಚೈನು ಬಿಗಿಯಾಗಿ ಹಿಡಿದರೆ ಆ ನೀರಿನ ಕೆಲಸವೂ ಕಡಿಮೆ.

ಈಗ ಗೇಟಿನ ಒಳಗಿರುವವರಿಗೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ಹೋಗುವ ದಾರಿ ಎಲ್ಲ ಸಲವೂ ನ್ಯಾಯವಾಗಿರುವುದಿಲ್ಲ. ಗಿಡದ ಬುಡಕ್ಕೆ ನುಸಿಗುಳಿಗೆ ಹಾಕುತ್ತಾರೆ, ಅದು ನಾಯಿಗೆ ವಿಷ. ಖಾರದ ಪುಡಿ ಎರಚುತ್ತಾರೆ, ಆ್ಯಸಿಡ್ ಎಂದು ಹೆದರಿಸುತ್ತಾರೆ. ಅಪರೂಪಕ್ಕೆ ಅನ್ನದಲ್ಲಿ ವಿಷ ಬೆರೆಸಿದ ಸುದ್ದಿಯೂ ಬರುತ್ತದೆ. ಪ್ರಾಣಿಯನ್ನು ಕೊಲ್ಲುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಕಾನೂನು ಹೋಗಲಿ, ತಪ್ಪು ಮಾಡಿದವರು ಚೈನಿನ ಯಾವ ತುದಿಯಲ್ಲಿದ್ದಾರೆ ಎಂಬುದು ನಿಮಗೂ ಗೊತ್ತು. ಸಿ.ಸಿ. ಕ್ಯಾಮೆರಾದ ತುಣುಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ "ಇವರು ಯಾರು ಗುರುತಿಸಿ" ಎನ್ನುವುದೂ ಬೇಡ. ಗುರುತು ನಿಮಗೇ ಇರುತ್ತದೆ, ಎರಡು ಮನೆ ಆಚೆಯವರು. ಮುನ್ನೂರು ಜನರೆದುರು ಮಾನ ಕಳೆದುಕೊಂಡವರು ಪೇಪರ್ ಹಿಡಿದು ಬರುವುದಿಲ್ಲ, ವಕೀಲರನ್ನು ಹಿಡಿದು ಬರುತ್ತಾರೆ. ಗೇಟಿನ ಹತ್ತಿರ ನಿಂತು "ಸ್ವಲ್ಪ ಎತ್ತಿಬಿಡ್ರೀ, ಮಕ್ಕಳು ಆಡ್ತಾವೆ" ಅಂದು ನೋಡಿ. ನನ್ನಂಥ ಭಂಡ ಒಬ್ಬ ವಾದಿಸಿಯಾನು, ಹೆಚ್ಚಿನವರು ನಾಚಿಕೊಳ್ಳುತ್ತಾರೆ.

ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳೂ ಇದನ್ನು ಓದುತ್ತಿದ್ದೀರಿ ಎಂದುಕೊಂಡಿದ್ದೇನೆ. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದ ಗೋಪುರಗಳಲ್ಲಿ ಈ ಜಗಳ ಲಿಫ್ಟಿನಿಂದಲೇ ಶುರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಗಲೀಜು ಎತ್ತಿ ಎಂದು ಕೇಳಿಕೊಳ್ಳಬಹುದು, ಅದಕ್ಕೆಂದೇ ಒಂದು ಮೂಲೆ ಗೊತ್ತುಮಾಡಬಹುದು. ಸಂಘ ತನ್ನಷ್ಟಕ್ಕೇ ದಂಡ ಹಾಕುವುದನ್ನೂ ಆ ಮಾರ್ಗಸೂಚಿ ಒಪ್ಪುವುದಿಲ್ಲ. ದಂಡದ ಪಟ್ಟಿ ಬರೆಯುವ ಶ್ರಮದಲ್ಲಿ ಒಂದು ಮೂಲೆಗೆ ಮರಳು ಹಾಕಿಸಿ, ಮುಚ್ಚಳದ ಡಬ್ಬ ಇಡಿಸುವುದು ಸುಲಭ.

ನಿಷೇಧದ ಕತೆ ಹೇಗೆ ಮುಗಿಯುತ್ತದೆಂದು ಈ ಊರು ಎರಡು ಸಲ ನೋಡಿದೆ. 2018ರಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂಬ ನಿಯಮ ಬಂತು, ಗದ್ದಲವೆದ್ದು ವಾಪಸಾಯಿತು. 2022ರ ಜೂನ್ ತಿಂಗಳಲ್ಲಿ ‘777 ಚಾರ್ಲಿ’ ನೋಡಿ ಊರೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ಅದೇ ತಿಂಗಳು, ಜುಲೈ 1ರಿಂದ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ಬಿಡುವುದಿಲ್ಲ ಎಂಬ ಮಾತು ತೋಟಗಾರಿಕೆ ಇಲಾಖೆಯಿಂದ ಬಂತು. ದೂರುಗಳು ಇವೇ: ಚೈನಿಲ್ಲದೆ ಬಿಡುತ್ತಾರೆ, ಮಾಡಿದ್ದನ್ನು ಎತ್ತುವುದಿಲ್ಲ. ನಾವೆಲ್ಲ ಸಹಿ ಹಾಕಿ, ಕೂಗಿ, ನಿಷೇಧ ನಿಲ್ಲಿಸಿದೆವು. ಗೆದ್ದೆವು ಎಂದು ಮನೆಗೆ ಬಂದೆವು. ಆ ದೂರು ಸುಳ್ಳೆಂದು ಮಾತ್ರ ನಮ್ಮಲ್ಲಿ ಒಬ್ಬರೂ ಹೇಳಲಿಲ್ಲ.

ನಾಯಿಗೆ ಗೌರವ ಕೊಡುವುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ ಅವನ ಯೋಧ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಸತ್ತು, ನಾಯಿಗೆ ವೀರಗಲ್ಲು ನಿಂತಿತು. ಅಂಥ ನಾಡಿನಲ್ಲಿ ನಾಯಿ ಎಂದರೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳುವ ಹಾಗೆ ಮಾಡಿದ್ದು ನಾಯಿಗಳಲ್ಲ.

ಎತ್ತುವುದು ಹೇಗೆ? ಬಲು ಸುಲಭ, ಅಸಹ್ಯ ಮೊದಲ ಮೂರು ದಿನ ಮಾತ್ರ. ಕೂರುವ ಮುಂಚೆ ನಾಯಿ ಗಿರಕಿ ಹೊಡೆಯುತ್ತದಲ್ಲ, ಅದೇ ನಿಮಗೆ ಸಿಗುವ ಸಮಯ. ಆ ಗಿರಕಿ ದಿಕ್ಕು ನೋಡಲಿಕ್ಕೆ ಎನ್ನುವವರೂ ಇದ್ದಾರೆ. ಯುರೋಪಿನ ಸಂಶೋಧಕರು 70 ನಾಯಿಗಳನ್ನು ಎರಡು ವರ್ಷ ಗಮನಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ ದಕ್ಷಿಣವಾಗಿ ಕೂರಲು ಇಷ್ಟಪಡುತ್ತವೆ ಎಂದು 2013ರಲ್ಲಿ ಬರೆದರು. ಮರುವರ್ಷ ನಗೆ ತರಿಸುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಅವರಿಗೆ ಸಿಕ್ಕಿತು. ವಾಸ್ತು ನೋಡದೆ ಬಾಗಿಲಿಡದ ನಮ್ಮ ಬಡಾವಣೆಗೆ ತಕ್ಕ ನಾಯಿಗಳೇ! ಅದೇನೇ ಇರಲಿ, ಗಿರಕಿ ಮುಗಿಯುವುದರೊಳಗೆ ಮಡಿಸಿದ ಪೇಪರನ್ನು ಹಿಂದೆ ತಳ್ಳಿಬಿಡಿ. ನೆಲಕ್ಕೆ ತಾಗುವುದೇ ಇಲ್ಲ. ಮಡಿಸಿ, ಕವರಿಗೆ ಹಾಕಿ, ನಡೆಯಿರಿ.

ಎಲ್ಲಿಗೆ ಎನ್ನುವುದು ನನಗೂ ಮೊದಲು ಗೊತ್ತಿರಲಿಲ್ಲ. ಒಬ್ಬಟ್ಟು ತಪ್ಪಿದ ಆ ಯುಗಾದಿ ಕಳೆದ ಮೇಲೆ ಪೇಪರ್ ಹಿಡಿದು ಹೊರಟೆ. ಒಂದು ವಾರ ಅಜ್ಜಿ ಗೇಟಿನ ಒಳಗಿಂದ ನೋಡಿದರು, ಮಾತಾಡಲಿಲ್ಲ. ಎಂಟನೆಯ ದಿನ ಕೇಳಿದರು: "ಅದನ್ನ ಎಲ್ಲಿಗೆ ಹಾಕ್ತೀಯಪ್ಪಾ?"

ನಾನು ಹಾಕುತ್ತಿದ್ದದ್ದು ಮೂಲೆಯ ಖಾಲಿ ಸೈಟಿಗೆ. ಬೆಂಗಳೂರಿನಲ್ಲಿ ಖಾಲಿ ಸೈಟು ಎಂದರೆ ಮಾಲೀಕನೊಬ್ಬನನ್ನು ಬಿಟ್ಟು ಉಳಿದೆಲ್ಲರದೂ. ಮಳೆ ಬಂದ ಒಂದೆರಡು ದಿನ ಮೋರಿಗೂ ಜಾರಿಸಿದ್ದೆ. ಅಜ್ಜಿ ಯಲಹಂಕದ ಹಳೇ ಊರಿನವರು. "ಆ ಮೋರಿ ನೀರು ಎಲ್ಲಿಗೋಗುತ್ತೆ ಗೊತ್ತಾ ನಿಂಗೆ? ಕೆರೆಗೆ" ಅಂದರು. ಸರಿಯೇ. ಮಳೆನೀರಿನ ಮೋರಿ ಯಾವ ಶುದ್ಧೀಕರಣ ಘಟಕಕ್ಕೂ ಹೋಗುವುದಿಲ್ಲ, ರಾಜಕಾಲುವೆ ಸೇರಿ ಕೆರೆಗಿಳಿಯುತ್ತದೆ. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ. ಒಂದರ ಗಲೀಜು ಮುಂದಿನದಕ್ಕೆ.

ಈಗ ಮನೆಗೆ ತಂದು ಕಮೋಡಿಗೆ ಸುರಿದು ಫ್ಲಶ್ ಮಾಡುತ್ತೇನೆ. ಅದು ಒಳಚರಂಡಿಯ ದಾರಿ ಹಿಡಿಯುತ್ತದೆ. ಪೇಪರನ್ನು ಕಮೋಡಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಇನ್ನೊಂದು ಪೇಪರಿನಲ್ಲಿ ಸುತ್ತಿ, ಡಯಾಪರ್, ಪ್ಯಾಡು ಕೊಡುವ ಹಾಗೆ ಬೇರೆಯಾಗಿ ಕಸದ ಆಟೋಕ್ಕೆ ಕೊಡಿ. ಹಸಿ ಕಸದ ಬಕೆಟ್ಟಿಗೂ ತಾರಸಿಯ ಕಾಂಪೋಸ್ಟ್ ಡಬ್ಬಕ್ಕೂ ಇದು ಬೇಡ, ಹುಳುವಿನ ಮೊಟ್ಟೆ ಸಾಯುವಷ್ಟು ಕಾವು ಆ ಡಬ್ಬದಲ್ಲಿ ಏಳುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಪಾರ್ಕಿನ ಬೇಲಿಗೆ ನೇತುಹಾಕಿ ಹೋಗುವವರನ್ನು ನೋಡಿದ್ದೇನೆ. ಅದಕ್ಕಿಂತ ಎತ್ತದಿರುವುದೇ ಮೇಲು, ಮಣ್ಣಾದರೂ ಆಗುತ್ತಿತ್ತು.

ಮುಂದಿನ ಯುಗಾದಿಗೆ ಒಬ್ಬಟ್ಟು ಬಂತು. ನೀಲಿ ಬಾಟಲಿ ಇನ್ನೂ ಅಲ್ಲೇ ಇದೆ; ಕೇಳಿದ್ದಕ್ಕೆ "ನಿಂಗಲ್ಲಪ್ಪಾ, ಬೇರೆಯವ್ರಿಗೆ" ಅಂದರು.

ನಾಳೆ ಬೆಳಿಗ್ಗೆ ಹೊರಡುವಾಗ ಜೇಬಿನಲ್ಲಿ ಎರಡು ಹಾಳೆ ಪೇಪರ್ ಇಟ್ಟುಕೊಳ್ಳಿ. ಅವತ್ತಿನದ್ದು ಬೇಡ, ಮನೆಯಲ್ಲಿ ಇನ್ನೂ ಯಾರೂ ಓದಿರುವುದಿಲ್ಲ. ಹಳೆಯದು ಸಾಕು. ಓದಿ ಮುಗಿದ ಮೇಲೆ ಈ ಪುಟವಾದರೂ ಆದೀತು, ನನ್ನ ಅಭ್ಯಂತರವಿಲ್ಲ.